ಡಾಕ್ಟರ ದನಿಯಲ್ಲಿ ಏನಿತ್ತು?

ಪಕ್ಕದ ಮನೆಯಲ್ಲಿ ಗಂಡ ಹೆಂಡಿರ ಮಾತು ನಡೆದಿದೆ ಅಂದುಕೊಳ್ಳಿ. ಗೋಡೆಯಾಚೆಯಿಂದ ಒಂದು ಪದವೂ ಬಿಡಿಸಿ ಕೇಳಿಸದು. ಆದರೂ ಯಾರು ರೇಗಿದ್ದಾರೆ, ಯಾರು ರಮಿಸುತ್ತಿದ್ದಾರೆ ಎಂಬುದು ನಮಗೆ ಗೊತ್ತಾಗಿಬಿಡುತ್ತದೆ. 1960ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಕೆಲವು ಸಂಶೋಧಕರು ಇದನ್ನೇ ಒಂದು ಪ್ರಯೋಗ ಮಾಡಿದರು. ಒಂಬತ್ತು ಡಾಕ್ಟರರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಕುಡುಕ ರೋಗಿಗಳ ಜತೆ ನಿಮ್ಮ ಅನುಭವ ಹೇಗೆ ಎಂದು ಕೇಳಿ, ಉತ್ತರವನ್ನು ಟೇಪ್ ಮಾಡಿಕೊಂಡರು. ಆಮೇಲೆ ಟೇಪನ್ನು ಫಿಲ್ಟರಿಗೆ ಹಾಕಿ, ಪದಗಳು ತಿಳಿಯದಂತೆ ಮಾಡಿದರು. ಉಳಿದದ್ದು ಬರೀ ಗೊಣಗು, ಗೋಡೆಯಾಚೆಯ ಸದ್ದಿನ ಹಾಗೆ. ಅದನ್ನು ಬೇರೆಯವರಿಗೆ ಕೇಳಿಸಿ, ಈ ದನಿಯಲ್ಲಿ ಸಿಟ್ಟು ಎಷ್ಟಿದೆ, ಅಂಕ ಕೊಡಿ ಎಂದರು.

ಆ ಅಂಕಗಳನ್ನು ಆಸ್ಪತ್ರೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. ಇದೇ ಡಾಕ್ಟರರು ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಕುಡಿತದ ರೋಗಿಗಳನ್ನು ಮದ್ಯವ್ಯಸನದ ಕ್ಲಿನಿಕ್ಕಿಗೆ ಹೋಗಿ ಎಂದು ಕಳಿಸಿದ್ದರು. ಯಾರು ಕಳಿಸಿದವರು ನಿಜಕ್ಕೂ ಹೋದರು, ಯಾರು ಕಳಿಸಿದವರು ಹೊರಗೆ ಬಂದು ಚೀಟಿ ಹರಿದು ಬಿಸಾಡಿದರು? ಯಾರ ಗೊಣಗಿನಲ್ಲಿ ಸಿಟ್ಟು ಹೆಚ್ಚಿತ್ತೋ ಅವರ ರೋಗಿಗಳು ಹೋದದ್ದು ಕಡಿಮೆ. ಪದಗಳು ಇದ್ದ ಟೇಪಿಗಿಂತ ಪದಗಳನ್ನು ಅಳಿಸಿದ ಟೇಪೇ ಈ ಗುಟ್ಟನ್ನು ಚೆನ್ನಾಗಿ ಬಿಟ್ಟುಕೊಟ್ಟಿತು. ಬಾಯಿಯ ಮಾತನ್ನು ಡಾಕ್ಟರು ತಿದ್ದಿಕೊಂಡಿದ್ದರು, ದನಿಯನ್ನು ತಿದ್ದಿಕೊಳ್ಳಲು ಆಗಿರಲಿಲ್ಲ. 1967ರಲ್ಲಿ ಪ್ರಕಟವಾದ ಈ ಪ್ರಬಂಧದ ಹೆಸರೇ 'ದಿ ಡಾಕ್ಟರ್ಸ್ ವಾಯ್ಸ್'. ಒಂಬತ್ತು ಜನರ ಲೆಕ್ಕವೆಂದರೆ ವಿಜ್ಞಾನದಲ್ಲಿ ಒಂದು ಚಿಟಿಕೆ ಉಪ್ಪು, ನಿಜ. ಆದರೆ ಆ ಚಿಟಿಕೆಯ ರುಚಿ ಐವತ್ತು ವರ್ಷ ಉಳಿಯಿತು.

ಪ್ರಬಂಧ ಬರೆದವರಲ್ಲಿ ಒಬ್ಬರು ಮಾರಿಸ್ ಚಾಫೆಟ್ಜ್, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮನೋವೈದ್ಯರು. ಅಲ್ಲಿನ ಮದ್ಯವ್ಯಸನ ಕ್ಲಿನಿಕ್ ಅವರ ಕೈಯಲ್ಲಿತ್ತು. ಕ್ಲಿನಿಕ್ ಇತ್ತು, ಡಾಕ್ಟರಿದ್ದರು, ಆದರೆ ರೋಗಿಗಳು ಬರುತ್ತಿರಲಿಲ್ಲ. ಅದೇ ಕಟ್ಟಡದ ತುರ್ತು ವಿಭಾಗಕ್ಕಾದರೋ ಕುಡುಕರು ಸಾಲುಗಟ್ಟಿ ಬರುತ್ತಿದ್ದರು. ತಲೆ ಒಡೆದುಕೊಂಡು, ವಾಂತಿ ಮಾಡಿಕೊಂಡು, ಪೊಲೀಸರ ಹೆಗಲಿಗೆ ಜೋತುಬಿದ್ದು. ಗಾಯಕ್ಕೆ ಹೊಲಿಗೆ ಹಾಕಿ, ನಾಳೆ ಆ ಕ್ಲಿನಿಕ್ಕಿಗೆ ಹೋಗಪ್ಪಾ ಎಂದು ಚೀಟಿ ಕೊಟ್ಟು ಕಳಿಸುತ್ತಿದ್ದರು. ಹೋಗುತ್ತಿದ್ದವರು ನೂರಕ್ಕೆ ಬೆರಳೆಣಿಕೆ. ಇದಕ್ಕೆ ಎಲ್ಲರ ಬಳಿ ಸಿದ್ಧ ಉತ್ತರವಿತ್ತು: ಕುಡುಕನಿಗೆ ಬಿಡುವ ಮನಸ್ಸಿಲ್ಲ. ನಮ್ಮಲ್ಲೂ ಇದೇ ಉತ್ತರ ಸಿಗುತ್ತದೆ, ನಾಯಿ ಬಾಲ ಡೊಂಕು ಎಂಬ ಗಾದೆಯ ಸಮೇತ.

ಚಾಫೆಟ್ಜ್ ಈ ಉತ್ತರವನ್ನು ಪರೀಕ್ಷೆಗೊಡ್ಡಿದರು. ತುರ್ತು ವಿಭಾಗಕ್ಕೆ ಬಂದ ಕುಡಿತದ ಇನ್ನೂರು ಗಂಡಸರನ್ನು ಎರಡು ಪಾಲು ಮಾಡಿದರು. ಒಂದು ನೂರಕ್ಕೆ ಎಂದಿನ ಚೀಟಿ. ಇನ್ನೊಂದು ನೂರಕ್ಕೆ, ರೋಗಿ ಬಂದ ಕೂಡಲೇ ಒಬ್ಬ ಮನೋವೈದ್ಯ ಮತ್ತು ಒಬ್ಬ ಸಮಾಜ ಕಾರ್ಯಕರ್ತ ಹಾಸಿಗೆಯ ಬಳಿಗೇ ಹೋಗುವ ಏರ್ಪಾಡು. ಮರ್ಯಾದೆಯಿಂದ ಮಾತಾಡಿಸಬೇಕು, ಊಟ, ಬಟ್ಟೆ, ಇಂದಿನ ರಾತ್ರಿ ಮಲಗಲು ಜಾಗ ಇತ್ಯಾದಿ ಅವನ ಕಣ್ಣೆದುರಿನ ತಾಪತ್ರಯಗಳನ್ನು ಮೊದಲು ವಿಚಾರಿಸಬೇಕು, ಮುಂದೆ ಕ್ಲಿನಿಕ್ಕಿಗೆ ಬಂದರೆ ಅಲ್ಲೂ ಅದೇ ಮುಖಗಳು ಕಾಣಬೇಕು. 1962ರಲ್ಲಿ ಫಲಿತಾಂಶ ಬಂತು. ಚೀಟಿಯ ಗುಂಪಿನಲ್ಲಿ ಕ್ಲಿನಿಕ್ಕಿಗೆ ಒಮ್ಮೆಯಾದರೂ ಬಂದವರು ನೂರಕ್ಕೆ ಸುಮಾರು 5. ಮಾತಾಡಿಸಿದ ಗುಂಪಿನಲ್ಲಿ 65. ಐದು ಸಲಕ್ಕಿಂತ ಕಡಿಮೆಯಿಲ್ಲದಂತೆ ಬಂದವರು ಅಲ್ಲಿ 1, ಇಲ್ಲಿ 42.

ಅದೇ ಆಸ್ಪತ್ರೆಯ ಬಳಗದವರು ಇನ್ನೂ ಅಗ್ಗದ ಉಪಾಯಗಳನ್ನೂ ನೋಡಿದರು. ಬಂದು ಹೋದ ರೋಗಿಗೆ ಕೈಬರಹದ ಒಂದು ಕಾಗದ: ನಿಮ್ಮ ಬಗ್ಗೆ ಯೋಚನೆಯಾಗಿದೆ, ಮತ್ತೆ ಬನ್ನಿ ಎಂದು. ಕಾಗದ ಸಿಕ್ಕವರಲ್ಲಿ ಅರ್ಧದಷ್ಟು ಜನ ಮರಳಿದರು, ಸಿಗದವರಲ್ಲಿ ಮೂರರಲ್ಲೊಬ್ಬರೂ ಇಲ್ಲ. ಇನ್ನೊಮ್ಮೆ ಬರೀ ಒಂದು ಫೋನ್ ಕರೆ ಮಾಡಿ ನೋಡಿದರು. ಕರೆ ಬಂದವರಲ್ಲಿ ನೂರಕ್ಕೆ 44 ಜನ ಬಂದರು, ಬಾರದವರಲ್ಲಿ 8. ನಾಯಿ ಬಾಲದ ಗಾದೆಗೆ ಇಷ್ಟು ಸುಲಭದಲ್ಲಿ ಪೆಟ್ಟು ಬಿದ್ದದ್ದು ನನಗಂತೂ ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಆಸ್ಪತ್ರೆಗಳು ಬದಲಾಗಬೇಕಿತ್ತು. ಆಗಲಿಲ್ಲ. ಚಾಫೆಟ್ಜ್ ಮುಂದೆ ಅಮೆರಿಕದ ರಾಷ್ಟ್ರೀಯ ಮದ್ಯವ್ಯಸನ ಸಂಸ್ಥೆಯ ಮೊದಲ ನಿರ್ದೇಶಕರೇ ಆದರು. ಆದರೂ ತುರ್ತು ವಿಭಾಗಗಳು ಹಳೇ ಚೀಟಿಗೇ ಅಂಟಿಕೊಂಡವು. ಎಲ್ಲ ಕಡೆ ಮನೋವೈದ್ಯರನ್ನು ರಾತ್ರಿಯಿಡೀ ಕೂರಿಸುವುದು ಯಾರಿಗೆ ಸಾಧ್ಯ? ಮೇಲಾಗಿ, ಹಾಸಿಗೆ ಬಳಿ ಹೋಗಿ ಏನು ಮಾತಾಡಬೇಕು ಎಂಬುದನ್ನು ಕಲಿಸಬಹುದಾದ ಒಂದು ಪಾಠವಾಗಿ ಇನ್ನೂ ಯಾರೂ ಬರೆದಿರಲಿಲ್ಲ.

ಆ ಪಾಠ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1980ರ ಹೊತ್ತಿಗೆ ತಮ್ಮದೇ ಒಂದು ಪ್ರಯೋಗದಿಂದ ಗೊಂದಲಕ್ಕೆ ಬಿದ್ದಿದ್ದರು. ಕುಡಿತ ಕಡಿಮೆ ಮಾಡಿಸುವ ಒಂದೇ ವಿಧಾನವನ್ನು ಒಂಬತ್ತು ಚಿಕಿತ್ಸಕರಿಗೆ ಕಲಿಸಿದ್ದರು (ಇಲ್ಲೂ ಒಂಬತ್ತೇ!). ರೋಗಿಗಳು ಸುಧಾರಿಸಿದ್ದು ವಿಧಾನಕ್ಕಿಂತ ಹೆಚ್ಚಾಗಿ ಚಿಕಿತ್ಸಕ ಎಷ್ಟು ಕಿವಿಗೊಟ್ಟು ಕೇಳುತ್ತಿದ್ದ ಎಂಬುದರ ಮೇಲೆ. ಕಿವಿಗೊಡದ ಚಿಕಿತ್ಸಕನ ಬಳಿ ಹೋಗುವುದಕ್ಕಿಂತ ಮನೆಯಲ್ಲಿ ಕೈಪಿಡಿ ಓದುವುದೇ ವಾಸಿ ಎನ್ನುವ ಸ್ಥಿತಿ. 1982ರಲ್ಲಿ ಮಿಲ್ಲರ್ ನಾರ್ವೆಯ ಬರ್ಗನ್ ಬಳಿಯ ಯೆಲ್ಲೆಸ್ಟಾಡ್ ಚಿಕಿತ್ಸಾಲಯಕ್ಕೆ ಹೋದರು. ಅಲ್ಲಿನ ಎಳೆಯ ಮನೋವಿಜ್ಞಾನಿಗಳು ಅವರನ್ನು ಉಪನ್ಯಾಸ ಮಾಡಲು ಬಿಡಲಿಲ್ಲ. ನಾವು ರೋಗಿಯಾಗಿ ನಟಿಸುತ್ತೇವೆ, ನೀವು ಮಾತಾಡಿಸಿ ತೋರಿಸಿ ಎಂದರು. ತೋರಿಸುತ್ತಿದ್ದರೆ ನಡುವೆ ತಡೆದು ತಡೆದು ಕೇಳುವರು: ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ? ಅವನು ಹೇಳಿದ್ದರಲ್ಲಿ ಈ ಒಂದು ಮಾತನ್ನೇ ಏಕೆ ಎತ್ತಿಕೊಂಡಿರಿ? ಉತ್ತರ ಹೇಳುತ್ತ ಹೇಳುತ್ತ ಮಿಲ್ಲರ್‌ಗೆ ತಾವು ಅರಿವಿಲ್ಲದೆ ಪಾಲಿಸುತ್ತಿದ್ದ ನಿಯಮಗಳು ಕಾಣತೊಡಗಿದವು. ಬಿಡು ಎಂದು ತಾವು ಹೇಳುತ್ತಿರಲಿಲ್ಲ. ಬಿಡಬೇಕು ಎಂಬ ಮಾತು ರೋಗಿಯ ಬಾಯಿಂದಲೇ ಬರುವಂತೆ ಪ್ರಶ್ನೆಗಳನ್ನು ಹೆಣೆಯುತ್ತಿದ್ದರು. 1983ರಲ್ಲಿ ಇದನ್ನು ಒಂದು ಪ್ರಬಂಧವಾಗಿ ಬರೆದು 'ಮೋಟಿವೇಷನಲ್ ಇಂಟರ್‌ವ್ಯೂಯಿಂಗ್' ಎಂದು ಹೆಸರಿಟ್ಟರು. 1991ರಲ್ಲಿ ಸ್ಟೀಫನ್ ರೋಲ್‌ನಿಕ್ ಜತೆ ಸೇರಿ ಪುಸ್ತಕ ತಂದರು. ಶಿಷ್ಯರು ತಡೆದು ಕೇಳದಿದ್ದರೆ ಗುರುವಿನ ವಿದ್ಯೆ ಗುರುವಿನಲ್ಲೇ ಉಳಿಯುತ್ತಿತ್ತೋ ಏನೋ.

ಮಿಲ್ಲರ್ ಇದ್ದ ಅದೇ ಆಲ್ಬಕರ್ಕಿ ಊರಿನಲ್ಲಿ ಎಡ್ವರ್ಡ್ ಬರ್ನ್‌ಸ್ಟೀನ್ ಎಂಬ ತುರ್ತು ವೈದ್ಯರಿದ್ದರು. ನೀನಾ ವಾಲರ್‌ಸ್ಟೀನ್ ಎಂಬುವರ ಜತೆ ಸೇರಿ ಅವರೊಂದು ವಿಚಿತ್ರ ಕೆಲಸ ಮಾಡುತ್ತಿದ್ದರು. ಹೈಸ್ಕೂಲು ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಆಸ್ಪತ್ರೆಗೂ ಜೈಲಿಗೂ ಕರೆತಂದು, ಕುಡಿತ ಮತ್ತು ಡ್ರಗ್ಸ್‌ನಿಂದ ಅಲ್ಲಿಗೆ ಬಂದು ಬಿದ್ದವರನ್ನು ಆ ಮಕ್ಕಳಿಂದಲೇ ಮಾತಾಡಿಸುವುದು. ಬೋಧನೆ ಇಲ್ಲ, ಭಾಷಣ ಇಲ್ಲ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಲೊ ಫ್ರೇರೆಯ ದಾರಿ ಅದು. ರೋಗಿ ಮಕ್ಕಳಿಗೆ ತನ್ನ ಕತೆ ಹೇಳುತ್ತಾನೆ, ಮಕ್ಕಳು ಪ್ರಶ್ನೆ ಕೇಳುತ್ತಾರೆ.

ಇದೇ ಬರ್ನ್‌ಸ್ಟೀನ್ ಬಾಸ್ಟನ್ ಸಿಟಿ ಆಸ್ಪತ್ರೆಗೆ ಬಂದ ಮೇಲೆ ಎಳೆಗಳೆಲ್ಲ ಒಂದು ಕಡೆ ಕೂಡಿದವು. ಅದು ನಗರದ ಬಡವರ ಆಸ್ಪತ್ರೆ. 1990ರ ದಶಕದ ಆರಂಭ. ಕೊಕೇನು, ಹೆರಾಯಿನ್, ಮದ್ಯ ಮೂರೂ ತುರ್ತು ವಿಭಾಗದ ಬಾಗಿಲಲ್ಲಿ. ಎಡ್ವರ್ಡ್ ಮತ್ತು ನರ್ಸಿಂಗ್ ಹಿನ್ನೆಲೆಯ ಸಂಶೋಧಕಿ ಜುಡಿತ್ ಬರ್ನ್‌ಸ್ಟೀನ್ ಸೇರಿ ಕೇಂದ್ರ ಸರ್ಕಾರದ ಹಣ ಪಡೆದು 'ಪ್ರಾಜೆಕ್ಟ್ ಅಸರ್ಟ್' ಶುರುಮಾಡಿದರು. ಮಾತಿನ ಕೆಲಸಕ್ಕೆ ಅವರು ಮನೋವೈದ್ಯರನ್ನು ಹುಡುಕಲಿಲ್ಲ. ರೋಗಿಗಳು ಬರುವ ಕೇರಿಗಳಿಂದಲೇ ಜನರನ್ನು ಆರಿಸಿದರು. ಅವರಲ್ಲಿ ಕೆಲವರು ತಾವೇ ಚಟದಿಂದ ಎದ್ದು ಬಂದವರು. ಅವರಿಗೆ 'ಹೆಲ್ತ್ ಪ್ರಮೋಷನ್ ಅಡ್ವೊಕೇಟ್' ಎಂಬ ಹುದ್ದೆ. ಡಾಕ್ಟರು ಹಣೆಯ ಹೊಲಿಗೆ ಹಾಕಿ ಆಚೆ ಹೋದ ಮೇಲೆ ಈ ಅಡ್ವೊಕೇಟ್ ಪರದೆ ಸರಿಸಿ ಒಳಗೆ ಬರಬೇಕು.

ಬಂದು ಏನು ಮಾಡಬೇಕು ಎಂಬುದಕ್ಕೆ ರೋಲ್‌ನಿಕ್ ನೆರವಿನಿಂದ ಒಂದು ಕ್ರಮ ಕಟ್ಟಿದರು: 'ಬ್ರೀಫ್ ನೆಗೋಷಿಯೇಟೆಡ್ ಇಂಟರ್‌ವ್ಯೂ', ಅಂದರೆ ಕೊಟ್ಟು ತೆಗೆದುಕೊಳ್ಳುವ ಪುಟ್ಟ ಮಾತುಕತೆ. ಮೊದಲು ಅನುಮತಿ: 'ನಿಮ್ಮ ಕುಡಿತದ ವಿಷಯ ಸ್ವಲ್ಪ ಮಾತಾಡಬಹುದಾ?' ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಕುಡಿತದಿಂದ ನಿಮಗೇನು ಸುಖ ಎಂದು ಕೇಳಬೇಕು. ತರಬೇತಿಗೆ ಬಂದವರು ಇಲ್ಲೇ ಮುಗ್ಗರಿಸುವುದು. ಚಟದ ಒಳ್ಳೆಯ ಮುಖ ಕೇಳುವುದೆಂದರೆ ಅದನ್ನು ಹೊಗಳಿದಂತೆ ಎಂಬ ಅಂಜಿಕೆ. ಆದರೆ ರೋಗಿ ಅದನ್ನು ಹೇಳಿ ಹಗುರಾದ ಮೇಲೆಯೇ ಕೆಟ್ಟದ್ದು ಹೊರಬರುತ್ತದೆ.

ನಂತರ ಬರುವುದು ಒಂದರಿಂದ ಹತ್ತರ ತನಕ ಗುರುತು ಹಾಕಿದ ಒಂದು ಅಡಿಪಟ್ಟಿ. ಬದಲಾಗಲು ನೀವು ಎಷ್ಟು ತಯಾರಿದ್ದೀರಿ, ಬೆರಳಿಟ್ಟು ತೋರಿಸಿ. ರೋಗಿ ಮೂರರ ಮೇಲೆ ಬೆರಳಿಡುತ್ತಾನೆ ಅನ್ನಿ. ನೀವಾಗಲಿ ನಾನಾಗಲಿ ಅಲ್ಲಿದ್ದಿದ್ದರೆ ಬಾಯಿಗೆ ಮೊದಲು ಬರುವ ಪ್ರಶ್ನೆ, 'ಬರೀ ಮೂರಾ? ಎಂಟು ಯಾಕಿಲ್ಲ?' ಹಾಗೆ ಕೇಳಿದಿರೋ ಕೆಟ್ಟಿತು. ತಾನು ಏಕೆ ಬಿಡಲಾರೆ ಎಂಬುದಕ್ಕೆ ಅವನು ವಕಾಲತ್ತು ಶುರುಮಾಡುತ್ತಾನೆ: ಕೆಲಸದ ಒತ್ತಡ, ಮೈಕೈ ನೋವು, ನಿದ್ದೆ ಬಾರದು. ತರಬೇತಾದವರು ಕೇಳುವುದು ಇದರ ತಿರುಗುಮುರುಗು: 'ಮೂರು ಅಂದಿರಿ. ಒಂದು ಅನ್ನಲಿಲ್ಲವಲ್ಲ, ಯಾಕೆ?' ಈಗ ವಕಾಲತ್ತು ಇನ್ನೊಂದು ಪಕ್ಷಕ್ಕೆ ಹೊರಳುತ್ತದೆ. ಮಗಳು ಮಾತು ಬಿಟ್ಟಿದ್ದಾಳೆ ಎಂದೋ, ಕೆಲಸದಲ್ಲಿ ಕೊನೆಯ ಎಚ್ಚರಿಕೆ ಕೊಟ್ಟಿದ್ದಾರೆ ಎಂದೋ ಅವನೇ ಹೇಳತೊಡಗುತ್ತಾನೆ. ಆ ಮಾತನ್ನೇ ಹಿಡಿದು, ಮುಂದೆ ಏನು ಮಾಡೋಣ ಅಂತೀರಿ ಎಂದು ಕೇಳಿ, ಅವನು ಹೇಳಿದ್ದನ್ನೇ ಒಂದು ಚೀಟಿಯಲ್ಲಿ ಬರೆದು ಅವನ ಕೈಗಿಡುವುದು. ಮತ್ತೆ ಚೀಟಿಗೇ ಬಂದೆವು. ಈ ಸಲ ಅದು ಅವನದೇ ಮಾತಿನ ಚೀಟಿ.

ವ್ಯಸನದ ಕ್ಲಿನಿಕ್ಕಿನಲ್ಲಿ ನುರಿತ ಕೌನ್ಸೆಲರನ್ನು ತಂದು ತುರ್ತು ವಿಭಾಗದಲ್ಲಿ ನಿಲ್ಲಿಸಿದರೆ ಮೊದಮೊದಲು ಅವರು ತಬ್ಬಿಬ್ಬಾಗುತ್ತಾರೆ. ಅಲ್ಲಿ ಬಾಗಿಲು ಹಾಕಿದ ಕೋಣೆ, ಮುಕ್ಕಾಲು ಗಂಟೆಯ ಸಮಯ, ಬರುವ ವಾರದ ಭೇಟಿ ಎಲ್ಲ ಇರುತ್ತಿತ್ತು. ಇಲ್ಲಿ ಒಂದು ಪರದೆ, ಆಚೆ ಹಾಸಿಗೆಯ ನರಳಾಟ. ಮಾತು ಹದಕ್ಕೆ ಬರುವಷ್ಟರಲ್ಲಿ ಸ್ಕ್ಯಾನಿಂಗ್‌ಗೆ ಎಂದು ಸ್ಟ್ರೆಚರ್ ತಳ್ಳಿಕೊಂಡು ಹೋಗುತ್ತಾರೆ. ಯಾರ ಜತೆ ಈಗ ಮಾತಾಡಬಾರದು ಎಂಬುದನ್ನೂ ಕಲಿಯಬೇಕು. ನಿತ್ಯ ಕುಡಿಯುವವನ ಕೈ ನಡುಗುತ್ತ, ಮೈ ಬೆವರುತ್ತ, ಇಲ್ಲದ ಹುಳ ಹುಪ್ಪಟೆ ಗೋಡೆಯ ಮೇಲೆ ಕಾಣುತ್ತಿದ್ದರೆ ಅದು ಉಪದೇಶದ ಹೊತ್ತಲ್ಲ, ಡಾಕ್ಟರನ್ನು ಕೂಗುವ ಹೊತ್ತು. ಮದ್ಯ ತಟ್ಟನೆ ನಿಂತಾಗಿನ ಆ ಸ್ಥಿತಿ ಜೀವ ತೆಗೆಯಬಲ್ಲದು. ಮತ್ತೆ ಫೋನ್. ಇವತ್ತು, ಈ ಗಳಿಗೆ, ಯಾವ ಕೇಂದ್ರದಲ್ಲಿ ಹಾಸಿಗೆ ಖಾಲಿಯಿದೆ ಎಂಬುದನ್ನು ರೋಗಿಯ ಎದುರೇ ವಿಚಾರಿಸಿ ಗೊತ್ತುಮಾಡಬೇಕು. ನಾಳೆ ಎಂದರೆ ಆಸಾಮಿ ಕೈಗೆ ಸಿಗುವುದಿಲ್ಲ.

ಅಸರ್ಟ್‌ನ ಮೊದಲ ಲೆಕ್ಕ 1997ರಲ್ಲಿ ಪ್ರಕಟವಾಯಿತು. 7,118 ರೋಗಿಗಳನ್ನು ವಿಚಾರಿಸಿದ್ದರು. 2,931 ಮಂದಿಯಲ್ಲಿ ಮದ್ಯ ಅಥವಾ ಡ್ರಗ್ಸ್ ತೊಂದರೆ ಕಂಡಿತ್ತು. ಸೇರಿಕೊಂಡವರು 1,096. ಮರಳಿ ಬಂದು ಕಂಡ 245 ಮಂದಿಯಲ್ಲಿ ಕುಡಿತ ಅರ್ಧಕ್ಕಿಂತ ಕೆಳಗಿಳಿದಿತ್ತು. ಅಂಕಿಗಳು ಸೊಗಸಾಗಿವೆ, ಆದರೆ ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಮರಳಿ ಬಂದವರು ಹೇಗೂ ಸುಧಾರಿಸುವವರೇ ಆಗಿದ್ದಿರಬಹುದು. ಬರ್ನ್‌ಸ್ಟೀನ್ ಬಳಗ ಆ ಕೊರತೆಯನ್ನು ಮುಂದೆ ತುಂಬಿತು. 2005ರ ಅವರ ಅಧ್ಯಯನದಲ್ಲಿ ಕೊಕೇನ್ ಮತ್ತು ಹೆರಾಯಿನ್ ಸೇವಿಸುವ 1,175 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಚಟ ಬಿಟ್ಟ ಗೆಳೆಯನೊಬ್ಬ ಒಮ್ಮೆ ಕೂತು ಮಾತಾಡಿ, ಹತ್ತು ದಿನದ ಮೇಲೆ ಒಂದು ಫೋನ್ ಮಾಡಿದ ಗುಂಪಿನಲ್ಲಿ ಆರು ತಿಂಗಳ ನಂತರ ಹೆರಾಯಿನ್ ಬಿಟ್ಟಿದ್ದವರು ನೂರಕ್ಕೆ 40, ಬರೀ ಕಾಗದ ಪಡೆದ ಗುಂಪಿನಲ್ಲಿ 31. ದೊಡ್ಡ ಅಂತರವೇನಲ್ಲ, ಇಪ್ಪತ್ತು ನಿಮಿಷದ ಮಾತಿಗೆ ಸಣ್ಣದೂ ಅಲ್ಲ.

ಅಷ್ಟರಲ್ಲಿ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಲ್ಲಿ ಲ್ಯಾರಿ ಜೆಂಟಿಲೆಲ್ಲೊ ಎಂಬ ಶಸ್ತ್ರವೈದ್ಯರು ಅಪಘಾತದ ಗಾಯಾಳುಗಳ ಲೆಕ್ಕ ಹಿಡಿದಿದ್ದರು. ಹಾರ್ಬರ್‌ವ್ಯೂ ಆಸ್ಪತ್ರೆಗೆ ಬಂದ ಗಾಯಾಳುಗಳಲ್ಲಿ ನೂರಕ್ಕೆ 46 ಮಂದಿಯಲ್ಲಿ ಕುಡಿತದ ಸುಳಿವಿತ್ತು. ಅರ್ಧ ಗಂಟೆ ಮಾತಾಡಿಸಿದ ಗುಂಪಿನವರು ಹೊಸ ಗಾಯ ಮಾಡಿಕೊಂಡು ಮರಳುವುದು ಸುಮಾರು ಅರ್ಧಕ್ಕಿಳಿಯಿತು. 1999ರ ಈ ಪ್ರಬಂಧ ಶಸ್ತ್ರವೈದ್ಯರ ಕಣ್ಣು ತೆರೆಸಿತು. 2006ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಸಂಘ, ಮೊದಲ ದರ್ಜೆಯ ಅಪಘಾತ ಚಿಕಿತ್ಸಾ ಕೇಂದ್ರವಾಗಬೇಕಾದರೆ ಕುಡಿತ ಗುರುತಿಸಿ ಮಾತಾಡಿಸುವ ಏರ್ಪಾಡು ಇರಲೇಬೇಕು ಎಂದು ನಿಯಮ ಮಾಡಿತು. ನಡುವೆ ಅಡ್ಡ ಬಂದದ್ದು ವಿಮೆ. ಕುಡಿದಾಗ ಆದ ಗಾಯಕ್ಕೆ ಹಣ ಕೊಡಬೇಕಿಲ್ಲ ಎನ್ನಲು ವಿಮಾ ಕಂಪನಿಗಳಿಗೆ ಅವಕಾಶ ಕೊಡುವ 1940ರ ದಶಕದ ಕಾನೂನು ಹಲವು ರಾಜ್ಯಗಳಲ್ಲಿತ್ತು. ಆದ್ದರಿಂದ ಡಾಕ್ಟರು ರಕ್ತದಲ್ಲಿ ಮದ್ಯ ಪರೀಕ್ಷಿಸಲೇ ಹೋಗುತ್ತಿರಲಿಲ್ಲ. ಇದು ನಮಗೆ ಹೊಸದೇ? ಎಂಎಲ್‌ಸಿ, ಅಂದರೆ ಪೊಲೀಸರಿಗೆ ಹೋಗುವ ವೈದ್ಯಕೀಯ ವರದಿ, ಬರೆಯುವಾಗ 'ಕುಡಿದಿದ್ದ ಅಂತ ಮಾತ್ರ ಹಾಕಬೇಡಿ ಸಾರ್, ಇನ್ಶೂರೆನ್ಸ್ ಹೋಗುತ್ತೆ' ಎಂದು ಬೇಡುವ ದನಿ ನಮ್ಮ ಕ್ಯಾಶುವಲ್ಟಿಗಳಲ್ಲಿ ಮಾಮೂಲು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆಂದವಿತ್ತು. 2014ರಲ್ಲಿ ಆರು ತುರ್ತು ವಿಭಾಗಗಳ 1,285 ಡ್ರಗ್ಸ್ ರೋಗಿಗಳ ದೊಡ್ಡ ಅಧ್ಯಯನವೊಂದು ಹೊರಬಂತು. ಪುಟ್ಟ ಮಾತುಕತೆ, ಮೇಲೆರಡು ಫೋನ್ ಕರೆ, ಎಲ್ಲ ಇದ್ದೂ ಏನೂ ವ್ಯತ್ಯಾಸ ಕಾಣಲಿಲ್ಲ. ಮಾತಿನ ಮಹಿಮೆ ಕೊಂಡಾಡುತ್ತಿದ್ದವರಿಗೆ ಇದು ತಣ್ಣೀರು. ನನಗೆ ಕಾಣುವ ಮಟ್ಟಿಗೆ ಇದರಲ್ಲಿ ಅಚ್ಚರಿಯಿಲ್ಲ. ಹೆರಾಯಿನ್ ಬಿಟ್ಟ ಮೈ ಕೆಲವೇ ಗಂಟೆಗಳಲ್ಲಿ ಮುರಿದು ನೋಯತೊಡಗುತ್ತದೆ. ಮೂಳೆ ಮೂಳೆ ಕಿತ್ತುಬರುತ್ತಿರುವವನ ಎದುರು ಅಡಿಪಟ್ಟಿ ಹಿಡಿದರೆ ಏನು ಫಲ?

ಉತ್ತರ ಯೇಲ್ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿನ ತುರ್ತು ವೈದ್ಯೆ ಗೇಲ್ ಡಿ'ಒನೊಫ್ರಿಯೊ 1999ರಲ್ಲೇ ಅಸರ್ಟ್ ಮಾದರಿಯನ್ನು ನ್ಯೂ ಹೇವನ್‌ಗೆ ತಂದವರು. ಅವರ ಬಳಗ ಹೆರಾಯಿನ್ ಜಾತಿಯ ಚಟವಿದ್ದ 329 ರೋಗಿಗಳನ್ನು ಮೂರು ಪಾಲು ಮಾಡಿತು: ಒಂದಕ್ಕೆ ವಿಳಾಸದ ಚೀಟಿ, ಇನ್ನೊಂದಕ್ಕೆ ಮಾತುಕತೆ, ಮೂರನೆಯದಕ್ಕೆ ಮಾತುಕತೆಯ ಜತೆಗೆ ಅಲ್ಲೇ ಆಗಲೇ ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯ ಆರಂಭ. ಈ ಮಾತ್ರೆ ಹೆರಾಯಿನ್ ಕೂರುವ ಜಾಗದಲ್ಲೇ ಕೂತು ಮೈಯ ಹಂಬಲ ತಣಿಸುತ್ತದೆ. ಒಂದು ತಿಂಗಳ ಬಳಿಕ ಚಿಕಿತ್ಸೆಯಲ್ಲಿ ಉಳಿದಿದ್ದವರು ನೂರಕ್ಕೆ ಕ್ರಮವಾಗಿ 37, 45, 78. 2015ರಲ್ಲಿ ಇದು ಅಚ್ಚಾದ ಮೇಲೆ ಕೌನ್ಸೆಲರ್ ತರಬೇತಿಯ ಪಾಠವೂ ಬದಲಾಯಿತು. ಮಾತ್ರೆಯ ಬಗ್ಗೆ ರೋಗಿಗಿರುವ ಅಂಜಿಕೆ ಕೇಳುವುದು, ಮೊದಲ ಮಾತ್ರೆಗೂ ಹೊರಗಿನ ಕ್ಲಿನಿಕ್ಕಿಗೂ ನಡುವಿನ ದಿನಗಳಲ್ಲಿ ಅವನು ಕೈತಪ್ಪದಂತೆ ನೋಡುವುದು ಈಗ ಅವರ ಕೆಲಸ. ಆ ಮಾತ್ರೆ ಬರೆಯಲು ಅಮೆರಿಕದ ಡಾಕ್ಟರರಿಗೆ ಪ್ರತ್ಯೇಕ ಪರವಾನಗಿ ಬೇಕಿತ್ತು. ಅದನ್ನು ತೆಗೆದುಹಾಕಲು 2022ರ ಡಿಸೆಂಬರ್ ತನಕ ಕಾಯಬೇಕಾಯಿತು.

ನಮ್ಮ ಪಕ್ಕಕ್ಕೆ ಬರೋಣ. ಕುಡಿತಕ್ಕೂ ಗಾಯಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ ಹನ್ನೆರಡು ದೇಶಗಳ ತುರ್ತು ವಿಭಾಗಗಳಲ್ಲಿ ಅಳೆದಾಗ ಭಾರತದ ಪಾಲಿನ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ನೆರೆಯ ಗೋವಾದಲ್ಲಿ ಡಾಕ್ಟರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಮೂರು ತಿಂಗಳಲ್ಲಿ ಕುಡಿತ ಹತೋಟಿಗೆ ಬಂದವರು ನೂರಕ್ಕೆ 36, ಅವರಿಲ್ಲದ ಕಡೆ 26. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. ನಮ್ಮಲ್ಲಿ ಮದ್ಯವೇ ದೊಡ್ಡ ಪಾಲಿನ ಕಾಟವಾಗಿರುವುದರಿಂದ ಮಾತಿಗೆ ಇನ್ನೂ ಹೆಚ್ಚು ಕೆಲಸವಿದೆ. ಒಂದು ಜಿಲ್ಲಾಸ್ಪತ್ರೆಯ ಕ್ಯಾಶುವಲ್ಟಿಗೆ ಶನಿವಾರ ರಾತ್ರಿ ತರಬೇತಾದ ಒಬ್ಬ ಕೌನ್ಸೆಲರನ್ನು ಕೂರಿಸುವ ಖರ್ಚು ಒಂದು ಯಂತ್ರದ ಖರ್ಚಿನ ಮುಂದೆ ಏನೂ ಅಲ್ಲ. ಆರೋಗ್ಯ ಇಲಾಖೆ ಇದನ್ನು ಒಂದೆರಡು ಜಿಲ್ಲೆಗಳಲ್ಲಾದರೂ ಮಾಡಿ ನೋಡಬೇಕು.

ಅದಾಗುವ ತನಕ, ನಿಮ್ಮ ಮನೆಯವರು ಯಾರಾದರೂ ಕುಡಿದು ಬಿದ್ದು ಡ್ರಿಪ್ ಹಾಕಿಸಿಕೊಂಡು ಮಲಗಿದ್ದರೆ, ಡಿಸ್ಚಾರ್ಜ್ ಮಾಡಿಸುವ ಮುನ್ನ ಒಂದು ಮಾತು ಕೇಳಿ: ಇಲ್ಲಿ ಇದರ ಬಗ್ಗೆ ಮಾತಾಡುವವರು ಯಾರಾದರೂ ಇದ್ದಾರಾ? ಇಲ್ಲ ಎಂದರೆ ಅಲ್ಲಿಂದಲೇ ಫೋನ್ ಮಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.